ಠ ಅಕ್ಷರದ ಕಣ್ಣು

ಅಂಕಲಿಪಿ ಹಿಡಿದು ಕುಳಿತ ಮಗು ಠ ಅಕ್ಷರದ ಹತ್ತಿರ ಬಂದಾಗ ಸ್ವಲ್ಪ ತಡೆಯುತ್ತದೆ. ಕ, ಮ, ನ, ರಗಳಂತೆ ಅದು ಮಾತುಮಾತಿಗೆ ಸಿಗುವ ಅಕ್ಷರವಲ್ಲ. ಮಠ, ಪಾಠ, ಕಂಠ, ಹಠ ಎನ್ನುವಷ್ಟರಲ್ಲಿ ಅದರ ಓಡಾಟ ಮುಗಿಯುತ್ತದೆ. ಅಂಥ ಅಕ್ಷರವನ್ನು ಅಮೆರಿಕ, ಬ್ರೆಜಿಲ್, ಫಿನ್ಲೆಂಡಿನ ಹುಡುಗ ಹುಡುಗಿಯರು ವರ್ಷಗಟ್ಟಲೆಯಿಂದ ಇಂಟರ್ನೆಟ್ಟಿನಲ್ಲಿ ಬರೆಯುತ್ತಿದ್ದಾರೆ. ಅವರಿಗೆ ಕನ್ನಡ ಬಾರದು, ಅದು ಕನ್ನಡದ ಅಕ್ಷರ ಎಂಬುದೂ ಹೆಚ್ಚಿನವರಿಗೆ ಗೊತ್ತಿಲ್ಲ. ಅವರು ಬರೆಯುವುದು ಹೀಗೆ: ಠ_ಠ

ಸ್ವಲ್ಪ ಹೊತ್ತು ನೋಡಿ. ಎರಡು ಕಣ್ಣು, ನಡುವೆ ಬಿಗಿದ ತುಟಿ. ಅಕ್ಷರದ ಹೊಟ್ಟೆಯೊಳಗಿನ ಚುಕ್ಕೆ ಕಣ್ಣುಗುಡ್ಡೆಯಾಗಿದೆ, ತಲೆಕಟ್ಟು ಗಂಟಿಕ್ಕಿದ ಹುಬ್ಬಾಗಿದೆ. ಯಾರೋ ಒಪ್ಪಲಾಗದ ಮಾತಾಡಿದಾಗ ಒಂದಕ್ಷರ ಉತ್ತರಿಸದೆ ದುರುಗುಟ್ಟಿ ನೋಡುವ ಮುಖ ಇದು. ‘ಅಸಮ್ಮತಿಯ ನೋಟ’ ಎಂಬರ್ಥದ ಹೆಸರೂ ಇದಕ್ಕೆ ಇಂಗ್ಲಿಷಿನಲ್ಲಿ ಬಿದ್ದಿದೆ. ನಮ್ಮ ಊರು ಅಥಣಿಯ ಹೆಸರಿನೊಳಗೇ ಇರುವ ಥ ಕೂಡ ಹೀಗೇ ದೇಶಾಂತರ ಹೋಗಿದೆ. ಥ_ಥ ಎಂದು ಬರೆದರೆ ಅಳುವ ಮುಖ, ಅಕ್ಷರದ ಕೆಳಗಿನ ಗೆರೆ ಅಲ್ಲಿ ಕಣ್ಣೀರು. ಇನ್ನೊಂದಿದೆ: ಠ_ರೃ. ಹಳೆಯ ಕಾಲದ ಇಂಗ್ಲಿಷ್ ದೊರೆ ಒಂದೇ ಕಣ್ಣಿಗೆ ಗಾಜು ಸಿಕ್ಕಿಸಿಕೊಂಡಂತೆ! ರಕಾರದ ದುಂಡು ಆ ಗಾಜಾಯಿತು, ಕೆಳಗೆ ಜೋಲುವ ವಟ್ರಸುಳಿ ಅದರ ಸರಪಳಿಯಾಯಿತು. ಬಾಲಬೋಧೆಯಲ್ಲಿ ವಟ್ರಸುಳಿ ತಿದ್ದಿ ತಿದ್ದಿ ಬೆರಳು ನೋಯಿಸಿಕೊಂಡ ನಮಗೆ ಯಾರಿಗೂ ಅದರಲ್ಲಿ ಸರಪಳಿ ಕಂಡಿರಲಿಲ್ಲ.

ಇಂಥದೊಂದು ಸಿಕ್ಕಾಗ ಪಕ್ಕದವರಿಗೆ ತೋರಿಸದೆ ಇರಲು ಆಗುವುದಿಲ್ಲ. ‘ಇದನ್ನ ನೋಡಿದ್ರೇನ್ರಿ ಕಾಕಾ?’ ಎಂದು ಮೊಬೈಲು ಮುಂದೆ ಚಾಚುವ ಕೈ ಇವತ್ತು ಪ್ರತಿ ಊರಿನ ಕಟ್ಟೆಯ ಮೇಲೂ ಇದೆ. ಆ ಚಾಚಿದ ಕೈಯ ಬಗ್ಗೆ ನನಗೆ ಅಪಾರ ಅಕ್ಕರೆ. ತನಗೆ ಸಿಕ್ಕ ಸೋಜಿಗವನ್ನು ಒಬ್ಬನೇ ಇಟ್ಟುಕೊಳ್ಳಲಾಗದ ಮನುಷ್ಯನ ಉಮೇದು ಅದು. ಆದರೆ ಸೋಜಿಗಕ್ಕೂ ಒಂದು ಊರು, ಒಂದು ಹೆಸರು, ಒಂದು ಇಸವಿ ಇರುತ್ತದೆ. ಅದನ್ನು ಕೂಡಿಸಿ ಹಂಚಿದರೆ ರುಚಿ ಇಮ್ಮಡಿಸುತ್ತದೆ, ಕಳಚಿ ಹಂಚಿದರೆ ಕೆಲವೊಮ್ಮೆ ಅನಾಹುತವೇ ಆಗುತ್ತದೆ.

ಠ ಅಕ್ಷರವನ್ನೇ ತೆಗೆದುಕೊಳ್ಳಿ. ಅದು ಹೊರದೇಶದ ಪರದೆಗಳ ಮೇಲೆ ಹೇಗೆ ಹೋಗಿ ಕುಳಿತಿತು? ಜಗತ್ತಿನ ಎಲ್ಲ ಲಿಪಿಗಳ ಅಕ್ಷರಗಳಿಗೆ ಒಂದೊಂದು ಸಂಖ್ಯೆ ಕೊಡುವ ಯೂನಿಕೋಡ್ ಎಂಬ ವ್ಯವಸ್ಥೆ 1991ರಲ್ಲಿ ಬಂತು. ಅದರಲ್ಲಿ ಕನ್ನಡಕ್ಕೆ 3200ರಿಂದ 3327ರವರೆಗೆ 128 ಮನೆಗಳನ್ನು ಕಾದಿರಿಸಿದರು. ಠಕಾರದ ಮನೆ ಸಂಖ್ಯೆ 3232, ಥಕಾರದ್ದು 3237. ಮನೆ ಸಿಕ್ಕರೆ ಸಾಲದು, ಅಕ್ಷರದ ಆಕಾರ ತೋರಿಸುವ ಫಾಂಟೂ ಬೇಕು. ವಿಂಡೋಸ್ ಕಂಪ್ಯೂಟರುಗಳಿಗೆ ಬಂದ ಕನ್ನಡ ಫಾಂಟಿನ ಹೆಸರು ತುಂಗಾ. ಶೃಂಗೇರಿಯ ಮುಂದೆ ಹರಿಯುವ ನದಿಯ ಹೆಸರು ಹೊತ್ತ ಆ ಫಾಂಟು ದೂರದ ಕಂಪ್ಯೂಟರುಗಳನ್ನೂ ಸೇರಿತ್ತು. ಅಕ್ಷರಗಳಿಂದ ಮುಖ ಬರೆಯುವ ಚಾಳಿ ಮೊದಲೇ ಇತ್ತು. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸ್ಕಾಟ್ ಫಾಲ್‌ಮನ್ 1982ರ ಸೆಪ್ಟೆಂಬರ್ 19ರಂದು, ತಮಾಷೆಯ ಮಾತು ತಮಾಷೆ ಎಂದು ತಿಳಿಯಲಿ ಅಂತ, ಎರಡು ಚುಕ್ಕೆ, ಒಂದು ಗೆರೆ, ಒಂದು ಆವರಣಚಿಹ್ನೆ ಸೇರಿಸಿ ನಗುಮುಖ ಸೂಚಿಸಿದ್ದರು. ಅದನ್ನು ನೋಡಲು ಕತ್ತು ವಾಲಿಸಬೇಕು. ಜಪಾನಿನವರು ಕತ್ತು ವಾಲಿಸದೆ ನೋಡಬಹುದಾದ ಮುಖಗಳನ್ನು ಮಾಡಿದರು. ಅಂಥ ನೆಟ್ಟನೆಯ ಮುಖಕ್ಕೆ ಹೊಸ ಹೊಸ ಕಣ್ಣು ಹುಡುಕುತ್ತ ಯಾರೋ 3232ನೇ ಮನೆಯ ಬಾಗಿಲು ತಟ್ಟಿದ್ದಾರೆ. ಬರೀ ಠ_ಠ ನೋಡಿ ನಕ್ಕವನಿಗಿಂತ ಇಷ್ಟು ತಿಳಿದು ನಕ್ಕವನ ನಗು ಹೆಚ್ಚು ಹೊತ್ತು ನಿಲ್ಲುತ್ತದೆ.

ಹೀಗೆ ಸೋಜಿಗ ಹಂಚುವುದು ಕೊಕಟನೂರಿಗೆ ಹೊಸ ಚಾಳಿಯಲ್ಲ. ಅಥಣಿ ತಾಲ್ಲೂಕಿನ ಈ ಊರು ಕೃಷ್ಣೆಯ ಕಬ್ಬಿನ ಪಟ್ಟಿಯಿಂದ ಆಚೆ, ಮಹಾರಾಷ್ಟ್ರದ ಜತ್ತ ಸೀಮೆಗೆ ಹತ್ತಿರ. ಇಲ್ಲಿಯ ಯಲ್ಲಮ್ಮನ ಜಾತ್ರೆಗೆ ಎರಡೂ ರಾಜ್ಯಗಳ ಜನ ಬರುತ್ತಾರೆ. ಭಂಡಾರ ಹಾರಿಸಿ ಉಧೋ ಉಧೋ ಎಂದವರು ರಾತ್ರಿ ಬಂಡಿಯ ಕೆಳಗೆ, ಟ್ರ್ಯಾಕ್ಟರಿನ ಪಕ್ಕ ಒಲೆ ಹೂಡಿ ಕುಳಿತಾಗ ಮಾತಿಗೇನು ಬರ? ಒಬ್ಬರ ಊರಿನ ವಿಚಿತ್ರ ಇನ್ನೊಬ್ಬರ ಊರಿಗೆ ಹೋಗುವುದು ಅಲ್ಲಿಂದಲೇ. ಕನ್ನಡದಲ್ಲಿ ಶುರುವಾದ ಸುದ್ದಿ ಮರಾಠಿಯಲ್ಲಿ ಮುಗಿಯುತ್ತದೆ. ಆದರೆ ಹೇಳುವಾಗ ‘ಸಂಖದಾಗ ನಮ್ಮ ಬೀಗರು ಕಣ್ಣಾರೆ ಕಂಡಾರ’ ಎಂಬ ವಿಳಾಸ ಇರುತ್ತಿತ್ತು. ಕೇಳಿದವನಿಗೆ ಅನುಮಾನ ಬಂದರೆ ಮುಂದಿನ ಸಂತೆಯಲ್ಲಿ ಆ ಬೀಗರನ್ನೇ ಕೇಳಬಹುದಿತ್ತು.

ಅಚ್ಚಿನಲ್ಲಿ ಈ ಕೆಲಸವನ್ನು ಉತ್ತರ ಕರ್ನಾಟಕದ ಓದುಗರಿಗೆ ಬಹುಕಾಲ ಮಾಡಿದ್ದು ‘ಕಸ್ತೂರಿ’. ಲೋಕ ಶಿಕ್ಷಣ ಟ್ರಸ್ಟ್ 1956ರಲ್ಲಿ ಹುಬ್ಬಳ್ಳಿಯಿಂದ ಹೊರಡಿಸಿದ ಮಾಸಪತ್ರಿಕೆ. ಅದನ್ನು ಬಹುಕಾಲ ಕಟ್ಟಿದ ಪಾ.ವೆಂ. ಆಚಾರ್ಯರು ಉಡುಪಿಯ ಕಡೆಯವರು, 1915ರಲ್ಲಿ ಹುಟ್ಟಿದವರು. ಲಾಂಗೂಲಾಚಾರ್ಯ ಎಂಬ ಹೆಸರಿನಲ್ಲಿ ಹರಟೆ ಬರೆದರು, ‘ಪದಾರ್ಥ ಚಿಂತಾಮಣಿ’ಯಲ್ಲಿ ಒಂದೊಂದು ಪದದ ಜಾತಕ ಬಿಡಿಸಿದರು. ಜಗತ್ತಿನ ಯಾವ ಮೂಲೆಯ ಪುಸ್ತಕದಲ್ಲಿ ಏನೇ ಸ್ವಾರಸ್ಯ ಕಂಡರೂ ಅದನ್ನು ಕನ್ನಡದ ಬಾಯಿಗೆ ಒಗ್ಗಿಸಿ ಕೊಡುವ ಅವರ ಶಕ್ತಿ ದೊಡ್ಡದು. ಲೇಖನ ಮುಗಿದು ಪುಟದ ಬುಡದಲ್ಲಿ ಉಳಿದ ಬೆರಳಗಲ ಜಾಗದಲ್ಲಿ ಒಂದು ನಗೆಹನಿಯೋ ವಿಚಿತ್ರ ಸಂಗತಿಯೋ ಇರುತ್ತಿತ್ತು. ಎಷ್ಟೋ ಮನೆಗಳಲ್ಲಿ ಹಿರಿಯರು ಲೇಖನ ಓದಿದರೆ ಮಕ್ಕಳು ಮೊದಲು ಓದುತ್ತಿದ್ದುದು ಆ ಬುಡದ ಸಾಲನ್ನೇ. ಹಳೆಯ ಸಂಚಿಕೆಗಳನ್ನು ದಾರ ಹಾಕಿ ಹೊಲಿದು ಕಪಾಟಿನಲ್ಲಿಟ್ಟ ಮನೆಗಳು ಈಗಲೂ ಇವೆ. ಆ ಚೂರುಗಳ ಹಿಂದೆ ಓದಿ, ಆರಿಸಿ, ಹೊಣೆ ಹೊತ್ತ ಒಬ್ಬ ಸಂಪಾದಕ ಇದ್ದ. ಇವತ್ತಿನ ಫಾರ್ವರ್ಡಿನ ಹಿಂದೆ ಆ ಮನುಷ್ಯ ಇಲ್ಲ. ಆ ಕುರ್ಚಿಯಲ್ಲಿ ಈಗ ಕಳಿಸುವವನೇ ಕೂರಬೇಕು.

ಕನ್ನಡ ಜಾಲಕ್ಕೆ ಬಂದ ದಾರಿಯೂ ಸಲೀಸಾಗಿರಲಿಲ್ಲ. 1996ರಲ್ಲಿ ಯು.ಬಿ. ಪವನಜ ‘ವಿಶ್ವ ಕನ್ನಡ’ ಎಂಬ ಅಂತರಜಾಲ ಪತ್ರಿಕೆ ಆರಂಭಿಸಿದರು. 1998ರಲ್ಲಿ ಶೇಷಾದ್ರಿ ವಾಸು ಅವರ ‘ಬರಹ’ ತಂತ್ರಾಂಶ ಬಂತು. ಆ ದಿನಗಳಲ್ಲಿ ಒಂದು ಕಂಪ್ಯೂಟರಿನಲ್ಲಿ ಟೈಪು ಮಾಡಿದ ಕನ್ನಡ ಇನ್ನೊಂದರಲ್ಲಿ ತೆರೆದರೆ ಅರ್ಥವಿಲ್ಲದ ಗುರುತುಗಳ ರಾಶಿಯಾಗುತ್ತಿತ್ತು. ಒಂದು ನಗೆಹನಿ ಕಳಿಸಲು ಫಾಂಟನ್ನೂ ಜೊತೆಗೆ ಕಳಿಸಬೇಕಿತ್ತು. ಕನ್ನಡ ವಿಕಿಪೀಡಿಯ 2003ರಲ್ಲಿ ಶುರುವಾಯಿತು. 2016ರ ಸೆಪ್ಟೆಂಬರಿನಲ್ಲಿ ಜಿಯೊ ಬಂದ ಮೇಲೆ ಡೇಟಾ ಅಗ್ಗವಾಯಿತು, ಹೊಲದ ಬದುವಿನ ಮೇಲೆ ಕುಳಿತವರ ಕೈಗೂ ಇಡೀ ಜಗತ್ತಿನ ವಿಚಿತ್ರಗಳು ಬಂದವು.

ಎಂಥ ವಿಚಿತ್ರಗಳು! ನನಗೆ ಬಹಳ ಪ್ರೀತಿಯದೊಂದು ಹೇಳುತ್ತೇನೆ. ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯದ ಕಂಪ್ಯೂಟರ್ ಪ್ರಯೋಗಾಲಯದಲ್ಲಿ ಟ್ರೋಜನ್ ರೂಮ್ ಎಂಬ ಕೋಣೆ. ಅದರ ಹೊರಗೆ ಎಲ್ಲರಿಗೂ ಸೇರಿ ಒಂದೇ ಕಾಫಿ ಪಾತ್ರೆ. ಬೇರೆ ಮಹಡಿಯಲ್ಲಿದ್ದವರು ಮೆಟ್ಟಿಲಿಳಿದು ಬಂದರೆ ಪಾತ್ರೆ ಖಾಲಿ. 1991ರಲ್ಲಿ ಅಲ್ಲಿಯ ಸಂಶೋಧಕರು ಪಾತ್ರೆಯ ಮುಂದೊಂದು ಕ್ಯಾಮೆರಾ ನಿಲ್ಲಿಸಿ, ಎದ್ದು ಹೋಗುವ ಮೊದಲು ಕಾಫಿ ಇದೆಯೋ ಇಲ್ಲವೋ ಎಂದು ಪರದೆಯ ಮೇಲೆ ನೋಡುವ ಏರ್ಪಾಡು ಮಾಡಿಕೊಂಡರು. 1993ರ ನವೆಂಬರಿನಲ್ಲಿ ಆ ಚಿತ್ರ ವರ್ಲ್ಡ್ ವೈಡ್ ವೆಬ್ ಸೇರಿತು. ಮಸುಕು ಮಸುಕಾದ, ಬಣ್ಣವಿಲ್ಲದ ಒಂದು ಕಾಫಿ ಪಾತ್ರೆಯನ್ನು ನೋಡಲು ಜಗತ್ತಿನ ಎಲ್ಲೆಡೆಯಿಂದ ಜನ ಬಂದರು. ಇವತ್ತು ಅಜ್ಜಿ ಪುಣೆಯ ಮೊಮ್ಮಗನ ಮುಖ ನೋಡುವ ವೆಬ್‌ಕ್ಯಾಮಿನ ವಂಶದ ಮೂಲಪುರುಷ ಆ ಪಾತ್ರೆಯ ಮುಂದಿನ ಕ್ಯಾಮೆರಾ. 2001ರ ಆಗಸ್ಟ್ 22ರಂದು ಅದನ್ನು ನಿಲ್ಲಿಸಿದರು. ಕೆಟ್ಟುಹೋಗಿದ್ದ ಪಾತ್ರೆಯನ್ನು ಜರ್ಮನಿಯ ಡೆರ್ ಸ್ಪೀಗೆಲ್ ಪತ್ರಿಕೆಯ ಜಾಲತಾಣದವರು 3,350 ಪೌಂಡಿಗೆ ಹರಾಜಿನಲ್ಲಿ ಕೊಂಡರು.

ಇದರ ಜೊತೆಗೇ ಚಹಾದ ಕಥೆಯೂ ಇದೆ. ಜಾಲತಾಣದ ಪುಟ ಸಿಗದಿದ್ದಾಗ 404 ಎಂಬ ಸಂಖ್ಯೆ ಬರುವುದನ್ನು ನೀವು ನೋಡಿರುತ್ತೀರಿ. ಅದೇ ಸಾಲಿನಲ್ಲಿ 418 ಎಂಬುದೊಂದಿದೆ. 1998ರ ಏಪ್ರಿಲ್ 1ರಂದು ಲ್ಯಾರಿ ಮಸಿಂಟರ್ ಎಂಬ ಎಂಜಿನಿಯರು ಕಾಫಿ ಯಂತ್ರಗಳನ್ನು ಜಾಲದ ಮೂಲಕ ನಡೆಸುವ ನಿಯಮಾವಳಿಯೊಂದನ್ನು ಪೂರ್ತಿ ಗಂಭೀರ ಭಾಷೆಯಲ್ಲಿ ಬರೆದು ಪ್ರಕಟಿಸಿದರು. ಚಹಾ ಪಾತ್ರೆಗೆ ಕಾಫಿ ಮಾಡೆಂದು ಆಜ್ಞೆ ಕೊಟ್ಟರೆ ಅದು 418 ಎಂದು ಉತ್ತರಿಸಬೇಕು, ಅಂದರೆ ‘ನಾನು ಚಹಾ ಪಾತ್ರೆ’. ಏಪ್ರಿಲ್ ಫೂಲ್ ದಿನದ ತಮಾಷೆಯಾಗಿ ಹುಟ್ಟಿದ ಆ ಸಂಖ್ಯೆಯನ್ನು ಎಷ್ಟೋ ಪ್ರೋಗ್ರಾಮರುಗಳು ಈಗಲೂ ಅಕ್ಕರೆಯಿಂದ ತಮ್ಮ ಕೆಲಸದಲ್ಲಿ ಸೇರಿಸುತ್ತಾರೆ.

ಈ ಎರಡು ಕಥೆಗಳಲ್ಲಿ ಹೆಸರು, ತಾರೀಕು, ಜಾಗಗಳನ್ನು ತೆಗೆದು ನೋಡಿ. ‘ವಿದೇಶದಲ್ಲಿ ಕಾಫಿ ಪಾತ್ರೆಗೆ ಕ್ಯಾಮೆರಾ ಇಟ್ಟಿದ್ದರಂತೆ’ ಎಂಬ ಒಣ ಸಾಲು ಉಳಿಯುತ್ತದೆ.

ಒಂದು ಹಳೆಯ ನಾಟಕದ ಸಂಗತಿಗೆ ಆಗಿರುವುದು ಇದೇ. ‘ಎರಡು ಸಾವಿರ ವರ್ಷದ ಹಿಂದೆ ಗ್ರೀಕರು ಕನ್ನಡದಲ್ಲಿ ನಾಟಕ ಆಡುತ್ತಿದ್ದರು’ ಎಂಬ ಸಂದೇಶ ಪ್ರತಿ ನವೆಂಬರಿನಲ್ಲಿ ಗುಂಪಿನಿಂದ ಗುಂಪಿಗೆ ಸುತ್ತುತ್ತದೆ. ನಿಜ ಸಂಗತಿ ಇದಕ್ಕಿಂತ ಎಷ್ಟೋ ಸೊಗಸಾಗಿದೆ. ಈಜಿಪ್ಟಿನ ಆಕ್ಸಿರಿಂಕಸ್ ಎಂಬ ಊರಿನ ಹಳೆಯ ಕಸದ ದಿಬ್ಬಗಳಲ್ಲಿ ಸಿಕ್ಕ ಪಪೈರಸ್ ಹಾಳೆಗಳಲ್ಲಿ ಒಂದು ಗ್ರೀಕ್ ಪ್ರಹಸನವಿತ್ತು. ಗ್ರೆನ್‌ಫೆಲ್ ಮತ್ತು ಹಂಟ್ ಎಂಬ ವಿದ್ವಾಂಸರು ಅದನ್ನು 1903ರಲ್ಲಿ ಪ್ರಕಟಿಸಿದರು. ಹಾಳೆ ಕ್ರಿಸ್ತಶಕ ಎರಡನೆಯ ಶತಮಾನದ್ದು. ಖಾರಿಟಿಯಾನ್ ಎಂಬ ಗ್ರೀಕ್ ಹೆಣ್ಣುಮಗಳು ಭಾರತದ ಕರಾವಳಿಯ ರಾಜನ ಸೆರೆಯಲ್ಲಿದ್ದಾಳೆ. ಅವಳ ಅಣ್ಣ ಹಡಗು ತಂದಿದ್ದಾನೆ. ರಾಜನಿಗೂ ಅವನ ಕಡೆಯವರಿಗೂ ನೀರು ಬೆರೆಸದ ದ್ರಾಕ್ಷಾರಸ ಕುಡಿಸಿ, ಅವರು ಅಮಲೇರಿ ಕುಣಿಯುವಾಗ ತಂಗಿಯನ್ನು ಬಿಡಿಸಿಕೊಂಡು ಹೋಗುವುದೇ ಕಥೆ. ಜೊತೆಗೊಬ್ಬ ವಿದೂಷಕ. ಅವನ ಆಯುಧ ಹೂಸು! ಶತ್ರುಗಳನ್ನು ಅವನು ಓಡಿಸುವುದು ಅದರಿಂದಲೇ. ರಾಜನೂ ಅವನ ಜನರೂ ಗ್ರೀಕಲ್ಲದ ಯಾವುದೋ ಭಾಷೆಯಲ್ಲಿ ಮಾತಾಡುತ್ತಾರೆ. ಆ ಮಾತುಗಳು ಕನ್ನಡ ಇರಬೇಕೆಂದು ಜರ್ಮನ್ ವಿದ್ವಾಂಸ ಹುಲ್ಟ್‌ಷ್ 1904ರಲ್ಲಿ ಬರೆದರು. ‘ಅರ್ಥಶಾಸ್ತ್ರ’ವನ್ನು ಬೆಳಕಿಗೆ ತಂದ ಮೈಸೂರಿನ ಆರ್. ಶಾಮಶಾಸ್ತ್ರಿಗಳು, ಮಂಜೇಶ್ವರದ ಗೋವಿಂದ ಪೈಗಳು ಅದರ ಬೆನ್ನು ಹತ್ತಿದರು. ಒಪ್ಪದ ವಿದ್ವಾಂಸರೂ ಇದ್ದಾರೆ. ನಾಟಕ ಗ್ರೀಕಿನದು, ಕೆಲವು ಮಾತುಗಳ ಬಗ್ಗೆ ಚರ್ಚೆ ಇದೆ. ವಿದೂಷಕನ ಹೂಸನ್ನೂ ಹುಲ್ಟ್‌ಷನ ಊಹೆಯನ್ನೂ ಬಿಟ್ಟು ಬರೀ ಹೆಮ್ಮೆಯನ್ನು ಕಳಿಸುವವರು ಕಥೆಯ ತಿರುಳನ್ನೇ ಕಳೆದಿದ್ದಾರೆ.

ಕನ್ನಡ ಶೇಕಡಾ ಇಷ್ಟು ಪರಿಪೂರ್ಣ ಭಾಷೆ ಎಂದು ದಶಾಂಶ ಸಮೇತ ಹೇಳುವ ಸಂದೇಶವೂ ನಿಮಗೆ ಬಂದಿರುತ್ತದೆ. ಭಾಷೆಯ ಪರಿಪೂರ್ಣತೆ ಅಳೆಯುವ ತಕ್ಕಡಿ ಯಾವ ಭಾಷಾವಿಜ್ಞಾನಿಯ ಬಳಿಯೂ ಇಲ್ಲ. ಅದೇ ಇಲ್ಲದ ತಕ್ಕಡಿ 2021ರ ಜೂನಿನಲ್ಲಿ ತಿರುಗಿ ಬಿತ್ತು. ಭಾರತದ ಅತಿ ಕೊಳಕು ಭಾಷೆ ಯಾವುದೆಂದು ಗೂಗಲ್ಲಿನಲ್ಲಿ ಹುಡುಕಿದರೆ ಕನ್ನಡ ಎಂದು ಉತ್ತರ ಬರುತ್ತಿತ್ತು. ಆ ಪರದೆಯ ಚಿತ್ರ ಒಂದೇ ದಿನದಲ್ಲಿ ರಾಜ್ಯವಿಡೀ ಹರಡಿತು, ಸರ್ಕಾರ ಕಾನೂನು ಕ್ರಮದ ಮಾತಾಡಿತು, ಗೂಗಲ್ ಕ್ಷಮೆ ಕೇಳಿ ಉತ್ತರ ತೆಗೆಯಿತು. ಉತ್ತರದ ಮೂಲ ಯಾವುದು? ಸಾಲ ತೀರಿಸುವ ವಿಚಾರದ ಯಾವುದೋ ಬೇವಾರಸಿ ಜಾಲತಾಣದಲ್ಲಿ ಯಾರೋ ಬರೆದಿಟ್ಟ ಒಂದು ಸಾಲು. ಯಂತ್ರ ಅದನ್ನು ಎತ್ತಿ ತಲೆಯ ಮೇಲೆ ಕೂರಿಸಿತ್ತು. ಹೊಗಳುವ ಶೇಕಡಾವಾರಿಗೂ ಈ ಬೈಗುಳಕ್ಕೂ ಬುಡ ಒಂದೇ, ಎರಡಕ್ಕೂ ವಿಳಾಸವಿಲ್ಲ. ನಮ್ಮನ್ನು ಹೊಗಳಿದಾಗ ಮೂಲ ಕೇಳದವರು ತೆಗಳಿದಾಗ ಮಾತ್ರ ಕೇಳಿದರೆ ಆ ಪ್ರಶ್ನೆಗೆ ಬಲ ಬರುವುದಿಲ್ಲ.

ವಿಳಾಸವಿಲ್ಲದ ಚೂರು ಜೀವವನ್ನೂ ತೆಗೆದಿದೆ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಔರಾದ ತಾಲ್ಲೂಕಿನ ಮುರ್ಕಿಯಲ್ಲಿ ಮಕ್ಕಳ ಕಳ್ಳರೆಂಬ ವಾಟ್ಸ್‌ಆ್ಯಪ್ ವದಂತಿ ನಂಬಿದ ಗುಂಪು ಹೈದರಾಬಾದಿನಿಂದ ಬಂದಿದ್ದ ತರುಣನೊಬ್ಬನನ್ನು ಹೊಡೆದು ಕೊಂದಿತು. ಅದೇ ತಿಂಗಳು ವಾಟ್ಸ್‌ಆ್ಯಪ್ ಭಾರತದಲ್ಲಿ ಒಂದು ಸಂದೇಶವನ್ನು ಒಂದು ಸಲಕ್ಕೆ ಐದು ಕಡೆಗಷ್ಟೇ ಕಳಿಸುವ ಮಿತಿ ತರುವುದಾಗಿ ಹೇಳಿತು. 2020ರಲ್ಲಿ, ಹಲವು ಕೈ ದಾಟಿ ಬಂದದ್ದನ್ನು ಒಂದು ಸಲಕ್ಕೆ ಒಂದೇ ಕಡೆಗೆ ಎಂದಿತು. ಬೆರಳಿಗೆ ಹಾಕಿದ ಆ ಕಡಿವಾಣ ಅಗತ್ಯವಿತ್ತು.

ವಿಳಾಸ ಕೂಡಿಸಿ ಹಂಚಿದ ಕಥೆಯೂ ಇದೆ. ನಮ್ಮ ಅಥಣಿಯ ಪಾಲಿಗೆ ಬಂದ ಆ ಚಿತ್ರ 2025ರ ಜೂನಿನದು. ಇಟಲಿಯ ಮಿಲಾನಿನಲ್ಲಿ ಪ್ರಾಡಾ ಕಂಪನಿಯ ಫ್ಯಾಷನ್ ಪ್ರದರ್ಶನ. ತೆಳ್ಳನೆಯ ತರುಣರು ನಡೆದು ಬರುತ್ತಿದ್ದಾರೆ, ಕಾಲಲ್ಲಿ ಕೊಲ್ಹಾಪುರಿ ಚಪ್ಪಲಿ! ಕಂಪನಿ ಕೊಟ್ಟ ವಿವರಣೆಯಲ್ಲಿ ಬರೀ ಚರ್ಮದ ಪಾದರಕ್ಷೆ ಎಂದಿತ್ತು, ಊರಿನ ಹೆಸರಿಲ್ಲ, ಮಾಡುವವರ ಸುಳಿವಿಲ್ಲ. ಮೊದಲು ಅದು ನಗೆಯಾಗಿ ಹರಡಿತು. ‘ನಮ್ಮಪ್ಪ ಹೊಲಕ್ಕೆ ಹಾಕ್ಕೊಂಡು ಹೋಗೂದು ಇಟಲಿಗೆ ಹೋಗೇತಿ’ ಎನ್ನುವ ಧಾಟಿ. ಆಮೇಲೆ ನಕ್ಕವರೇ ಕೇಳತೊಡಗಿದರು: ಹೆಸರೆಲ್ಲಿ? ಕೊಲ್ಹಾಪುರಿ ಚಪ್ಪಲಿಗೆ ಭೌಗೋಳಿಕ ಗುರುತು, ಅಂದರೆ ಜಿಐ ಮಾನ್ಯತೆ ಇದೆ. ಅದು ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳದು ಮಾತ್ರವಲ್ಲ, ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರಗಳದೂ ಹೌದು. ಅಥಣಿ, ನಿಪ್ಪಾಣಿಯ ಕುಶಲಕರ್ಮಿಗಳು ತಲೆತಲಾಂತರದಿಂದ ಮಾಡಿಕೊಂಡು ಬಂದದ್ದು. ಜಾಲಿಯ ತೊಗಟೆ, ಅಳಲೆಕಾಯಿಗಳಲ್ಲಿ ಹದಮಾಡಿದ ಚರ್ಮ, ಮೊಳೆ ಹೊಡೆಯದೆ ಚರ್ಮದ ಎಳೆಯಿಂದಲೇ ಹೊಲಿಗೆ. ಹೆಣೆಯುವ ನಾಜೂಕು ಕೆಲಸ ಬಹಳಮಟ್ಟಿಗೆ ಹೆಣ್ಣುಮಕ್ಕಳದು. ಕಾಪಶಿ, ಕುರುಂದವಾಡಿ ಎಂಬ ಮಾದರಿಗಳು ಊರಿನ ಹೆಸರನ್ನೇ ಹೊತ್ತು ನಡೆಯುತ್ತವೆ.

ಕೇಳಿದವರು ಹೆಚ್ಚಾದಂತೆ ಪ್ರಾಡಾ ತನ್ನ ವಿನ್ಯಾಸಕ್ಕೆ ಭಾರತದ ಪಾದರಕ್ಷೆ ಪ್ರೇರಣೆ ಎಂದು ಒಪ್ಪಿ ಪತ್ರ ಬರೆಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಮಹಾರಾಷ್ಟ್ರದ ಲಿಡ್‌ಕಾಮ್ ಮತ್ತು ಕರ್ನಾಟಕದ ಲಿಡ್ಕರ್ ಚರ್ಮೋದ್ಯಮ ನಿಗಮಗಳ ಜೊತೆ ಒಪ್ಪಂದ ಮಾಡಿಕೊಂಡು, ಎರಡೂ ರಾಜ್ಯಗಳಲ್ಲಿ 2,000 ಜೊತೆ ಮಾಡಿಸಿ ಸುಮಾರು 800 ಯೂರೋಗೆ ಒಂದು ಜೊತೆಯಂತೆ ಮಾರುವುದಾಗಿ ಪ್ರಕಟಿಸಿತು. ಅದರಲ್ಲಿ ಹೆಣೆದ ಕೈಗೆ ಎಷ್ಟು ಸೇರುತ್ತದೆ ಎಂದು ಕೇಳುತ್ತಲೇ ಇರಬೇಕು. ಆದರೂ ಕಾಲಹರಣಕ್ಕೆ ನೋಡಿದ ಒಂದು ಚಿತ್ರದ ಕೆಳಗೆ ಜನ ಊರಿನ ಹೆಸರು ಬರೆದದ್ದರಿಂದಲೇ ಇಷ್ಟು ದೂರ ಬಂತು. ನಕ್ಕು ಮುಂದಕ್ಕೆ ದೂಡಿದ್ದರೆ ಅದು ಮರುದಿನಕ್ಕೆ ಮರೆತುಹೋಗುತ್ತಿತ್ತು.

ಮೂಲ ಹುಡುಕುವುದು ಮೊದಲಿನಷ್ಟು ಕಷ್ಟವಲ್ಲ. ಚಿತ್ರವನ್ನೇ ಕೊಟ್ಟು ಅದು ಮೊದಲು ಎಲ್ಲೆಲ್ಲಿ ಕಾಣಿಸಿತು ಎಂದು ಹುಡುಕುವ ಅನುಕೂಲ ಮೊಬೈಲಿನಲ್ಲೇ ಇದೆ. ಗೋದಾವರಿಯ ಪ್ರವಾಹದ ವಿಡಿಯೊ ಕೃಷ್ಣೆಯದೆಂದು ಬಂದರೆ ಹಿನ್ನೆಲೆಯ ಅಂಗಡಿಗಳ ಬೋರ್ಡು ಓದಿದರೂ ಸಾಕು. ಕನ್ನಡದ ಪದದ ಬಗ್ಗೆ ಏನಾದರೂ ಬಂದರೆ ‘ಅಲರ್’ ನಿಘಂಟು ಇದೆ. ವಿ. ಕೃಷ್ಣ ಎಂಬುವರು ಹತ್ತಿರ ಹತ್ತಿರ ಐವತ್ತು ವರ್ಷ ಒಬ್ಬರೇ ಕುಳಿತು ಕೂಡಿಸಿದ ಒಂದೂವರೆ ಲಕ್ಷಕ್ಕೂ ಹೆಚ್ಚು ಪದಗಳು, 2019ರಿಂದ ಎಲ್ಲರಿಗೂ ಬಿಟ್ಟಿ ತೆರೆದಿವೆ. ಇಂಟರ್ನೆಟ್ ಆರ್ಕೈವ್‌ನಲ್ಲಿ 1894ರ ಕಿಟೆಲ್ ನಿಘಂಟಿದೆ, ಮುಂಬಯಿ ಪ್ರಾಂತ್ಯದ ಗ್ಯಾಜೆಟಿಯರಿನ 21ನೆಯ ಸಂಪುಟವಾದ 1884ರ ಬೆಳಗಾವಿ ಇದೆ. ಅಥಣಿ ಅದರಲ್ಲಿ ‘ಅಥ್ನಿ’ ಆಗಿದೆ. ಮನೆಯಲ್ಲಿ ಕುಳಿತು ನೂರನಲವತ್ತು ವರ್ಷ ಹಿಂದಿನ ಚಿಕ್ಕೋಡಿ, ಅಥಣಿಗಳ ಪುಟ ತಿರುವುವ ಸುಖ ಒಮ್ಮೆ ಉಂಡರೆ ಗೊತ್ತಾಗುತ್ತದೆ.

ನಮ್ಮ ಊರುಗಳಿಂದ ಜಾಲಕ್ಕೆ ಹೋಗಬೇಕಾದದ್ದೂ ರಾಶಿ ಇದೆ, ನನಗೆ ಹೆಚ್ಚಿನ ಆಸೆ ಅದರದು. ಖಿಲಾರಿ ಎತ್ತಿನ ಜೋಡಿಗೆ ಜಾತ್ರೆಯ ದಿನ ತೊಡಿಸುವ ಕೋಡಣಸು, ಹಣೆಪಟ್ಟಿ, ಜೂಲಾ, ಗೆಜ್ಜೆಸರ ಒಂದೊಂದನ್ನೂ ಯಾರು ಎಲ್ಲಿ ಮಾಡುತ್ತಾರೆ? ಎತ್ತಿನ ಬಣ್ಣ, ಕೊಂಬು, ಸುಳಿ ನೋಡಿ ಮುದುಕರು ಹೇಳುವ ಲಕ್ಷಣಗಳು ಎಷ್ಟು? ಗಡಿಯ ಈಚೆ ಆಚೆ ಒಂದೇ ಹಾಡು ಎರಡು ಭಾಷೆಯಲ್ಲಿ ಹೇಗೆ ತಿರುಗುತ್ತದೆ? ತೆಲಸಂಗದ ಕಡೆಯ ದ್ರಾಕ್ಷಿ ತೋಟದಲ್ಲಿ ಒಣದ್ರಾಕ್ಷಿ ಮಾಡುವವರು ಮೋಡ ಕವಿದ ದಿನ ಏನು ಮಾಡುತ್ತಾರೆ? ಐರ್ಲೆಂಡಿನಲ್ಲಿ ಕುಳಿತವನೊಬ್ಬನಿಗೆ ಇವೆಲ್ಲ ಕೇಂಬ್ರಿಜಿನ ಕಾಫಿ ಪಾತ್ರೆಯಷ್ಟೇ ಸೋಜಿಗ. ಫೋನು ಎಲ್ಲರ ಕೈಯಲ್ಲಿದೆ. ಮುಂದಿನ ಯಲ್ಲಮ್ಮನ ಜಾತ್ರೆಯಲ್ಲಿ ಎತ್ತಿನ ಫೋಟೊ ತೆಗೆಯುವವರು ಎತ್ತಿನ ಯಜಮಾನರನ್ನು ಕೇಳಿ, ಯಾವ ಊರಿನ ಜೋಡಿ, ಹಣೆಪಟ್ಟಿ ಹೊಲಿದದ್ದು ಎಲ್ಲಿ, ಯಾವ ತಿಂಗಳು ಎಂಬ ಎರಡು ಸಾಲನ್ನು ಚಿತ್ರದ ಕೆಳಗೆ ಕನ್ನಡದಲ್ಲೇ ಬರೆದು ವಿಕಿಮೀಡಿಯ ಕಾಮನ್ಸ್ ಎಂಬ ಚಿತ್ರಭಂಡಾರದ ಜಾಲತಾಣಕ್ಕೆ ಏರಿಸಲಿ. ಅಲ್ಲಿ ಅದಕ್ಕೆ ದುಡ್ಡು ಬೇಡ, ಯಾರ ಅಪ್ಪಣೆಯ ಚೀಟಿಯೂ ಬೇಡ.